ವುಕೊವಾರ್: ಶೇಕಡಾವಾರು ಲೆಕ್ಕಕ್ಕೆ ಸಿಕ್ಕಿಕೊಂಡ ಊರು

ಕ್ರೊಯೇಷಿಯಾದ ಪೂರ್ವ ತುದಿಯಲ್ಲಿ, ಡ್ಯಾನ್ಯೂಬ್ ನದಿಯ ದಂಡೆಯ ಮೇಲೆ ವುಕೊವಾರ್ ಇದೆ. ನದಿ ದಾಟಿದರೆ ಸರ್ಬಿಯಾ. 2021ರ ಜನಗಣತಿಯ ಪ್ರಕಾರ ಇಲ್ಲಿ ವಾಸವಿರುವವರು 23,175 ಜನ. ಆ ಗಣತಿಯ ವಿವರ 2022ರಲ್ಲಿ ಹೊರಬಿದ್ದಾಗ, ಇಷ್ಟು ಚಿಕ್ಕ ಊರಿನ ಒಂದು ಅಂಕಿಗಾಗಿ ದೇಶವೇ ಕಾಯುತ್ತಿತ್ತು. ಊರಿನಲ್ಲಿ ಸರ್ಬರು ಎಷ್ಟು? ಉತ್ತರ: 6,890. ಅಂದರೆ ಶೇ 29.73. ಅದಕ್ಕೂ ಹಿಂದಿನ, 2011ರ ಗಣತಿಯಲ್ಲಿ ಅವರ ಪಾಲು ಶೇ 34.87 ಇತ್ತು.

ಈ ಎರಡು ಅಂಕಿಗಳ ನಡುವೆ ಒಂದು ಕಾನೂನಿನ ಗೆರೆ ಇದೆ. ರಾಷ್ಟ್ರೀಯ ಅಲ್ಪಸಂಖ್ಯಾತರ ಹಕ್ಕುಗಳ ಬಗ್ಗೆ ಕ್ರೊಯೇಷಿಯಾ 2002ರಲ್ಲಿ ಮಾಡಿದ ಸಾಂವಿಧಾನಿಕ ಕಾಯ್ದೆಯ ಪ್ರಕಾರ, ಒಂದು ಊರಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗದಷ್ಟು ಇರುವ ಅಲ್ಪಸಂಖ್ಯಾತರ ಭಾಷೆ ಮತ್ತು ಲಿಪಿಗೆ ಅಲ್ಲಿ ಅಧಿಕೃತ ಸಮಾನ ಸ್ಥಾನ ಸಿಗಬೇಕು. ಸರ್ಕಾರಿ ಕಚೇರಿಯ ಫಲಕ, ಬೀದಿ ಹೆಸರು, ಅರ್ಜಿ ನಮೂನೆ ಎಲ್ಲದರಲ್ಲೂ. 2011ರಲ್ಲಿ ವುಕೊವಾರ್ ಆ ಗೆರೆ ದಾಟಿತು. 2021ರಲ್ಲಿ ಗೆರೆಯ ಈಚೆಗೆ ಬಂತು. ಸರ್ಬರು ಬಳಸುವ ಸಿರಿಲಿಕ್ ಲಿಪಿಯ ಫಲಕ ಬೇಡವೆಂದು ವರ್ಷಗಟ್ಟಲೆ ಬೀದಿಯಲ್ಲಿದ್ದವರಿಗೆ ಗಣತಿಯೇ ಗೆಲುವು ತಂದುಕೊಟ್ಟಂತಾಯಿತು.

ಆ ಗೆಲುವು ಎಂಥದ್ದು ಎಂದು ತಿಳಿಯಲು ಶೇಕಡಾವಾರನ್ನು ಪಕ್ಕಕ್ಕಿಟ್ಟು ತಲೆ ಎಣಿಕೆಯನ್ನು ನೋಡಬೇಕು. 2001ರ ಗಣತಿಯಲ್ಲಿ ಊರಿನಲ್ಲಿ 31,670 ಜನರಿದ್ದರು. ಕ್ರೊಯೇಟರು 18,199, ಸರ್ಬರು 10,412. ಸರ್ಬರ ಪಾಲು ಶೇ 32.88, ಗೆರೆ ಮುಟ್ಟಲು ಅರ್ಧ ಪರ್ಸೆಂಟಿಗಿಂತ ಕಡಿಮೆ ಸಾಕಿತ್ತು. 2011ಕ್ಕೆ ಬಂದರೆ ಒಟ್ಟು ಜನ 27,683, ಕ್ರೊಯೇಟರು 15,881, ಸರ್ಬರು 9,654. ಗಮನಿಸಿ: ಈ ಹತ್ತು ವರ್ಷದಲ್ಲಿ ಸರ್ಬರು ಹೆಚ್ಚಲಿಲ್ಲ, 758 ಜನ ಕಡಿಮೆಯೇ ಆದರು. ಆದರೆ ಕ್ರೊಯೇಟರು 2,318 ಜನ ಕಡಿಮೆಯಾದ್ದರಿಂದ ಸರ್ಬರ ಪಾಲು ಏರಿತು. ತಮ್ಮ ಭಾಷೆಯ ಹಕ್ಕು ಅವರಿಗೆ ದಕ್ಕಿದ್ದು ನೆರೆಯವರು ಊರು ಬಿಟ್ಟಿದ್ದರಿಂದ. ಮುಂದಿನ ಹತ್ತು ವರ್ಷದಲ್ಲಿ ತಾವೇ ಊರು ಬಿಟ್ಟಿದ್ದರಿಂದ ಅದು ಕೈತಪ್ಪಿತು. 2021ರ ಲೆಕ್ಕದಲ್ಲಿ ಗೆರೆ ಮುಟ್ಟಲು ಬೇಕಿದ್ದದ್ದು 7,725 ಜನ. 835 ಜನ ಕಡಿಮೆ ಬಿದ್ದರು.

ಒಬ್ಬರಿಗೆ ಹಕ್ಕು ಸಿಗುವುದು, ತಪ್ಪುವುದು ಯಾರು ಎಷ್ಟು ಬೇಗ ಗಂಟುಮೂಟೆ ಕಟ್ಟುತ್ತಾರೆ ಎಂಬುದರ ಮೇಲೆ ನಿಂತಿದೆ ಎಂದಾದರೆ, ಆ ಹಕ್ಕಿನ ಅಡಿಪಾಯದಲ್ಲೇ ದೋಷವಿದೆ. ಈ ಊರಿನ ಚರಿತ್ರೆ ನೋಡಿದವರಿಗೆ ಇದು ಇನ್ನೂ ಗಟ್ಟಿಯಾಗಿ ಅನಿಸುತ್ತದೆ. ಇಲ್ಲಿ ಯಾವ ಜನಾಂಗದ ಪ್ರಮಾಣವೂ ತಾನಾಗಿ ಏರಿಳಿದದ್ದು ಕಡಿಮೆ. ಪ್ರತಿ ಸಲವೂ ಅದನ್ನು ಏರಿಸಿದ್ದು, ಇಳಿಸಿದ್ದು ಅಧಿಕಾರ.

ಬಂದವರು, ಹೋದವರು

ವುಕಾ ಎಂಬ ಸಣ್ಣ ನದಿ ಡ್ಯಾನ್ಯೂಬನ್ನು ಸೇರುವ ಜಾಗ ಇದು. ಊರಿನಿಂದ ತುಸು ಕೆಳಗೆ ನದಿಯ ದಂಡೆಯಲ್ಲೇ ವುಚೆದೊಲ್ ಎಂಬ ನೆಲೆಯಿದೆ. ಐದು ಸಾವಿರ ವರ್ಷಗಳಷ್ಟು ಹಿಂದಿನ ಸಂಸ್ಕೃತಿಯೊಂದಕ್ಕೆ ಪುರಾತತ್ವಜ್ಞರು ಅದರ ಹೆಸರನ್ನೇ ಇಟ್ಟಿದ್ದಾರೆ. ಅಲ್ಲಿ 1938ರಲ್ಲಿ ಸಿಕ್ಕ, ಪಾರಿವಾಳದ ಆಕಾರದ ಮಣ್ಣಿನ ಪಾತ್ರೆ ಮುಂದೆ ಕ್ರೊಯೇಷಿಯಾದ 20 ಕುನಾ ನೋಟಿನ ಮೇಲೂ ಬಂತು. ಅದೇ ನೋಟಿನಲ್ಲಿ ವುಕೊವಾರ್‌ನ ಎಲ್ಟ್ಜ್ ಅರಮನೆಯ ಚಿತ್ರವೂ ಇತ್ತು. 2023ರಲ್ಲಿ ಯೂರೋ ಬಂದ ಮೇಲೆ ಆ ನೋಟು ಚಲಾವಣೆಯಿಂದ ಹೋಯಿತು.

ಮಧ್ಯಯುಗದಲ್ಲಿ ಹಂಗೇರಿಯ ಅರಸರ ಅಧೀನದಲ್ಲಿದ್ದ ಊರು 1526ರಲ್ಲಿ ಒಟ್ಟೊಮನ್ನರ ಕೈಸೇರಿ, 1687ರವರೆಗೆ ಅವರ ಬಳಿಯೇ ಉಳಿಯಿತು. ಹಾಬ್ಸ್‌ಬರ್ಗ್ ಸೈನ್ಯ ಬಂದಾಗ ಮುಸ್ಲಿಮರು ಹೊರಟುಹೋದರು. ಯುದ್ಧದಿಂದ ಬರಿದಾದ ಫಲವತ್ತು ನೆಲಕ್ಕೆ ಹೊಸ ಒಡೆಯರು ಜನರನ್ನು ಕರೆತಂದು ಕೂರಿಸಿದರು. ಒಟ್ಟೊಮನ್ ಆಳ್ವಿಕೆಯಿಂದ ತಪ್ಪಿಸಿಕೊಂಡು 1690ರ ಸುಮಾರಿಗೆ ಉತ್ತರಕ್ಕೆ ಬಂದ ಸರ್ಬ್ ಕುಟುಂಬಗಳು, ಕ್ರೊಯೇಟರು, ಹಂಗೇರಿಯನ್ನರು, ರುಸಿನ್ನರು, ಡ್ಯಾನ್ಯೂಬಿನ ಮೇಲೆ ದೋಣಿಗಳಲ್ಲಿ ತೇಲಿಬಂದ ಜರ್ಮನ್ ರೈತರು ಮತ್ತು ಕುಶಲಕರ್ಮಿಗಳು. 1736ರಲ್ಲಿ ಇಲ್ಲಿನ ಜಮೀನ್ದಾರಿಯನ್ನು ಜರ್ಮನಿಯ ಎಲ್ಟ್ಜ್ ಕುಟುಂಬ ಕೊಂಡಿತು. ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಊರಿನ ದೊಡ್ಡ ಮನೆತನ ಅದೇ. ಗುಡ್ಡದ ಮೇಲೆ ಕ್ಯಾಥೊಲಿಕ್ ಫ್ರಾನ್ಸಿಸ್ಕನ್ ಮಠ, ಪೇಟೆಯ ನಡುವೆ ಸರ್ಬರ ಆರ್ಥೊಡಾಕ್ಸ್ ಸಂತ ನಿಕೊಲಸ್ ಚರ್ಚು. ಎರಡೂ ಹದಿನೆಂಟನೇ ಶತಮಾನದ ಮೊದಲರ್ಧದಲ್ಲೇ ತಲೆಯೆತ್ತಿದವು.

ಇಪ್ಪತ್ತನೇ ಶತಮಾನದ ಆರಂಭಕ್ಕೆ ಊರಿನಲ್ಲಿ ಸುಮಾರು ಹತ್ತು ಸಾವಿರ ಜನ. ದೊಡ್ಡ ಗುಂಪು ಕ್ರೊಯೇಟರದ್ದು, ಆದರೆ ಅದೂ ಅರ್ಧದಷ್ಟಿರಲಿಲ್ಲ. ಹೆಚ್ಚುಕಡಿಮೆ ಮೂರನೇ ಒಂದು ಭಾಗ ಜರ್ಮನರು. ಆಮೇಲೆ ಸರ್ಬರು, ಹಂಗೇರಿಯನ್ನರು, ಯಹೂದಿಗಳು. 1887ರಲ್ಲಿ ಇಲ್ಲೇ ಹುಟ್ಟಿ, 1939ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಲಾವೊಸ್ಲಾವ್ ರುಜಿಚ್ಕಾ ಅವರ ವಂಶದಲ್ಲಿ ಕ್ರೊಯೇಟರ ಜೊತೆಗೆ ಝೆಕ್ ಮತ್ತು ಆಸ್ಟ್ರಿಯನ್ ಮೂಲದವರೂ ಇದ್ದರು. ಆ ಕಾಲದ ವುಕೊವಾರ್‌ನಲ್ಲಿ ಇದು ವಿಶೇಷವೇನಲ್ಲ. ಇಂದಿನ ಕಾಯ್ದೆ ಅಂದು ಇದ್ದಿದ್ದರೆ ಫಲಕಗಳಲ್ಲಿ ಬರಬೇಕಿದ್ದ ಎರಡನೇ ಭಾಷೆ ಜರ್ಮನ್! ಇಂದು ಊರಿನಲ್ಲಿ ಜರ್ಮನರು ಬೆರಳೆಣಿಕೆಯಷ್ಟು.

ಅವರು ಹೋದದ್ದು ಹೇಗೆ? 1941ರಲ್ಲಿ ನಾಜಿಗಳ ಬೆಂಬಲದಿಂದ ಉಸ್ತಾಶೆ ಎಂಬ ಕ್ರೊಯೇಟ್ ಫ್ಯಾಸಿಸ್ಟರ ಆಡಳಿತ ಬಂತು. ಊರಿನ ಅಂಚಿನ ದುದಿಕ್ ಎಂಬಲ್ಲಿ ನೂರಾರು ಜನರನ್ನು ಗುಂಡಿಟ್ಟು ಕೊಂದರು. ಸರ್ಬರು, ಫ್ಯಾಸಿಸಂ ವಿರುದ್ಧ ನಿಂತ ಕ್ರೊಯೇಟರು ಎಲ್ಲರೂ ಅದರಲ್ಲಿದ್ದರು. ಯಹೂದಿ ಸಮುದಾಯ ಶಿಬಿರಗಳಲ್ಲಿ ನಾಶವಾಯಿತು. ಅವರ ಪ್ರಾರ್ಥನಾ ಮಂದಿರವನ್ನು ಯುದ್ಧದ ನಂತರ ಕೆಡವಲಾಯಿತು, ಪ್ರಾರ್ಥಿಸುವವರೇ ಇರಲಿಲ್ಲ. 1945ರಲ್ಲಿ ಗೆದ್ದ ಪಾರ್ಟಿಸಾನರು, ಅಂದರೆ ಕಮ್ಯುನಿಸ್ಟ್ ಗೆರಿಲ್ಲಾಗಳು, ಜರ್ಮನರೆಂಬ ಕಾರಣಕ್ಕೆ ಜರ್ಮನರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡರು. ಕೆಲವರು ಆಗಲೇ ಓಡಿಹೋಗಿದ್ದರು, ಉಳಿದವರು ಶಿಬಿರಗಳನ್ನು ಕಂಡು ಆಮೇಲೆ ದೇಶ ಬಿಟ್ಟರು. ಖಾಲಿಯಾದ ಮನೆಗಳಿಗೆ ದಾಲ್ಮಾಷಿಯಾದ ಒಳನಾಡಿನಿಂದ, ಲಿಕಾದಿಂದ, ಬೋಸ್ನಿಯಾದಿಂದ ಬಡ ರೈತರನ್ನು ತಂದು ಸೇರಿಸಿದರು. ನಾಲ್ಕೇ ವರ್ಷದಲ್ಲಿ ಊರಿನ ಎರಡು ಹಳೆಯ ಸಮುದಾಯಗಳು ಇಲ್ಲವಾದವು.

ಶೂ ಕಾರ್ಖಾನೆ ಕಟ್ಟಿದ ಊರು

ಇದರ ನಡುವೆ ವುಕೊವಾರ್‌ಗೆ ಒಂದು ಬೇರೆಯೇ ಜೀವನ ಸಿಕ್ಕಿತ್ತು. ಅದನ್ನು ಕೊಟ್ಟದ್ದು ನಮಗೆಲ್ಲ ಗೊತ್ತಿರುವ ಬಾಟಾ ಕಂಪನಿ. ಝೆಕ್ ಉದ್ಯಮಿ ತೊಮಾಶ್ ಬಾಟಾ 1931ರಲ್ಲಿ ವುಕೊವಾರ್ ಪಕ್ಕದ ಬೊರೊವೊದಲ್ಲಿ ಶೂ ಕಾರ್ಖಾನೆ ಶುರುಮಾಡಿದರು. ಕೋಲ್ಕತ್ತದ ಬಳಿ ಬಾಟಾನಗರ ಎದ್ದದ್ದೂ ಅದೇ ದಶಕದಲ್ಲಿ, ಅದೇ ಮಾದರಿಯಲ್ಲಿ. ಕಾರ್ಖಾನೆಯ ಸುತ್ತ ಕೆಂಪು ಇಟ್ಟಿಗೆಯ ಒಂದೇ ಬಗೆಯ ಮನೆಗಳು, ಮನೆಯ ಮುಂದೆ ಹುಲ್ಲುಹಾಸು, ಶಾಲೆ, ಚಿತ್ರಮಂದಿರ, ಆಟದ ಮೈದಾನ. ಆ ಬಡಾವಣೆಗೆ ಬೊರೊವೊ ನಾಸೆಲ್ಯೆ ಎಂದು ಹೆಸರು, ಇಂದಿಗೂ ಅದು ವುಕೊವಾರ್ ನಗರದ ಭಾಗ.

ಯುದ್ಧದ ನಂತರ ಕಾರ್ಖಾನೆ ರಾಷ್ಟ್ರೀಕರಣಗೊಂಡು ಬೊರೊವೊ ಎಂಬ ಹೆಸರಿನಲ್ಲೇ ಬೆಳೆಯಿತು. 1980ರ ದಶಕದಲ್ಲಿ ಅಲ್ಲಿ ದುಡಿಯುತ್ತಿದ್ದವರು ಇಪ್ಪತ್ತು ಸಾವಿರಕ್ಕೂ ಹೆಚ್ಚು. ಶೂ, ಟೈರ್, ರಬ್ಬರ್ ಸಾಮಾನು. ಕ್ರೊಯೇಷಿಯಾ, ಸರ್ಬಿಯಾ ಎರಡೂ ಸೇರಿದ್ದ ಒಕ್ಕೂಟ ದೇಶ ಯುಗೊಸ್ಲಾವಿಯಾದ ಮೂಲೆಮೂಲೆಯಿಂದ ಕೆಲಸ ಹುಡುಕಿಕೊಂಡು ಬಂದವರು ಒಂದೇ ಪಾಳಿಯಲ್ಲಿ ದುಡಿದರು, ಒಂದೇ ಬಡಾವಣೆಯಲ್ಲಿ ಮನೆ ಮಾಡಿದರು, ಪರಸ್ಪರ ಮದುವೆಯಾದರು. ಕಾರ್ಮಿಕ ಚಳವಳಿಗೆ ಇಲ್ಲಿ ಹಳೆಯ ಬೇರೂ ಇತ್ತು. ಯುಗೊಸ್ಲಾವಿಯಾದ ಕಮ್ಯುನಿಸ್ಟ್ ಪಕ್ಷದ ಎರಡನೇ ಮಹಾಧಿವೇಶನ ನಡೆದದ್ದು 1920ರ ಜೂನ್‌ನಲ್ಲಿ ವುಕೊವಾರ್‌ನಲ್ಲೇ.

1991ರ ವಸಂತದ ಗಣತಿಯಲ್ಲಿ, ಯುದ್ಧಕ್ಕೆ ಕೆಲವೇ ತಿಂಗಳು ಮುಂಚೆ, ಈ ನಗರದಲ್ಲಿ 44,639 ಜನರಿದ್ದರು. ಕ್ರೊಯೇಟರು ಶೇ 47, ಸರ್ಬರು ಶೇ 32. ಇವೆರಡು ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನಗೆ ಮುಖ್ಯವಾಗಿ ಕಾಣುವುದು ಮೂರನೆಯದು. 4,355 ಜನ, ಅಂದರೆ ಹತ್ತಿರ ಹತ್ತಿರ ಶೇ 10ರಷ್ಟು ಜನ, ತಮ್ಮ ರಾಷ್ಟ್ರೀಯತೆ ‘ಯುಗೊಸ್ಲಾವ್’ ಎಂದು ಬರೆಸಿದ್ದರು. ಸುತ್ತಲೂ ಜನ ಕ್ರೊಯೇಟ್ ಅಥವಾ ಸರ್ಬ್ ಎಂದು ಪಕ್ಷ ಹಿಡಿಯುತ್ತಿದ್ದ ಹೊತ್ತಿನಲ್ಲಿ ಇಷ್ಟು ಜನ ಎರಡಕ್ಕೂ ಒಪ್ಪಲಿಲ್ಲ. ಇವರಲ್ಲಿ ಮಿಶ್ರ ಕುಟುಂಬದ ಮಕ್ಕಳಿದ್ದರು, ಪಕ್ಷದ ನಿಷ್ಠರಿದ್ದರು, ಅಪ್ಪ ಒಂದು ಅಮ್ಮ ಒಂದು ಆಗಿದ್ದ ಮನೆಯಲ್ಲಿ ಯಾರನ್ನು ಬಿಡಲಿ ಎಂದು ತೋಚದವರೂ ಇದ್ದಿರಬೇಕು. ಯುದ್ಧದ ನಂತರದ ಗಣತಿಗಳಲ್ಲಿ ಈ ಗುಂಪು ಲೆಕ್ಕಕ್ಕೇ ಇಲ್ಲ. ಸತ್ತವರ ಪಟ್ಟಿ ಇದೆ, ಕಾಣೆಯಾದವರ ಪಟ್ಟಿ ಇದೆ. ಗಣತಿಯಿಂದ ಮಾಯವಾದ ಈ ಹತ್ತನೇ ಒಂದು ಭಾಗಕ್ಕಾಗಿ ಯಾರೂ ಶೋಕಿಸಿದ್ದಿಲ್ಲ.

ಶೇಕಡಾವಾರು ನೋಡಿಯೇ ಯುದ್ಧ ಅನಿವಾರ್ಯವಾಗಿತ್ತು ಎನ್ನುವವರಿಗೆ 1988 ನೆನಪಿಸಬೇಕು. ಆ ವರ್ಷದ ಜುಲೈನಲ್ಲಿ ಸಂಬಳ ಸಿಗದ ಬೊರೊವೊ ಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಬೆಲ್‌ಗ್ರೇಡ್‌ಗೆ ಹೋಗಿ ಒಕ್ಕೂಟದ ಸಂಸತ್ತಿನ ಮುಂದೆ ಪ್ರತಿಭಟಿಸಿದರು. ಕ್ರೊಯೇಟ್, ಸರ್ಬ್ ಎಂಬ ಭೇದವಿಲ್ಲದೆ, ಒಂದೇ ಕಾರ್ಖಾನೆಯವರಾಗಿ. ಮೂರೇ ವರ್ಷದ ನಂತರ ಅದೇ ಕಾರ್ಖಾನೆಯ ನೆಲಮಾಳಿಗೆಗಳು ಬಾಂಬಿಗೆ ಹೆದರಿ ಓಡಿಬಂದವರ ಆಸರೆಯಾದವು. ನಡುವೆ ಆದದ್ದೇನು? ಆರ್ಥಿಕತೆ ಕುಸಿಯಿತು, ಬೆಲ್‌ಗ್ರೇಡ್‌ನಲ್ಲಿ ಸರ್ಬ್ ನಾಯಕ ಮಿಲೊಶೆವಿಚ್, ಜಾಗ್ರೆಬ್‌ನಲ್ಲಿ ಕ್ರೊಯೇಟ್ ನಾಯಕ ತುಜ್‌ಮನ್ ಜನಾಂಗದ ಹೆಸರಿನಲ್ಲಿ ಗೆದ್ದರು, ಊರೂರಿಗೆ ಬಂದೂಕು ಬಂತು.

ಎಂಬತ್ತೇಳು ದಿನ

1991ರ ಮೇ 2ರಂದು, ಸರ್ಬರೇ ಹೆಚ್ಚಿರುವ ನೆರೆಹಳ್ಳಿ ಬೊರೊವೊ ಸೆಲೊದಲ್ಲಿ 12 ಕ್ರೊಯೇಟ್ ಪೊಲೀಸರನ್ನು ಕೊಂದರು. ಅದೇ ಬೇಸಿಗೆಯಲ್ಲಿ ವುಕೊವಾರ್‌ನ ಸರ್ಬ್ ನಾಗರಿಕರೂ ಕೊಲೆಯಾದರು, ಕಾಣೆಯಾದರು. ಎರಡೂ ಕಡೆಯ ಹಳ್ಳಿಗಳಿಗೆ ಹೋಗಿ, ಕೂತು ಮಾತಾಡಿ, ಅಡ್ಡಗಟ್ಟೆ ತೆಗೆಸುತ್ತಿದ್ದ ಒಬ್ಬ ಅಧಿಕಾರಿ ಇದ್ದರು: ಓಸಿಯೆಕ್ ಪ್ರಾಂತ್ಯದ ಪೊಲೀಸ್ ಮುಖ್ಯಸ್ಥ ಯೋಸಿಪ್ ರೈಲ್-ಕಿರ್. ಜುಲೈ 1ರಂದು ಅವರನ್ನು ಗುಂಡಿಟ್ಟು ಕೊಂದದ್ದು ಸರ್ಬರಲ್ಲ, ಕ್ರೊಯೇಟ್ ಕಡೆಯ ಉಗ್ರನೊಬ್ಬ. ಸಂಧಾನಕ್ಕೆ ನಿಂತವರೇ ಮೊದಲು ಬಲಿಯಾಗುವುದು ಈ ಯುದ್ಧದುದ್ದಕ್ಕೂ ಕಂಡದ್ದು.

ಆಗಸ್ಟ್ 25ರಿಂದ ನವೆಂಬರ್ 18ರವರೆಗೆ ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಅರೆಸೈನಿಕ ಪಡೆಗಳು ಊರನ್ನು ಸುತ್ತುಗಟ್ಟಿದವು. ಒಳಗೆ ಹೋರಾಡುತ್ತಿದ್ದವರು ಸುಮಾರು 1,800 ಜನ, ಹೆಚ್ಚಿನವರು ಊರಿನವರೇ. 87 ದಿನ ಫಿರಂಗಿ ಗುಂಡು ಬೀಳದ ಬೀದಿಯಿಲ್ಲ. ನೀರಿನ ಟ್ಯಾಂಕ್ ಗೋಪುರ ಒಂದಕ್ಕೇ ಆರುನೂರಕ್ಕೂ ಹೆಚ್ಚು ಏಟು ಬಿದ್ದವು. ಅದು ಉರುಳಲಿಲ್ಲ. ತೂತುಗಳನ್ನು ಮುಚ್ಚದೆ ಹಾಗೆಯೇ ಉಳಿಸಿ ಈಗ ಸ್ಮಾರಕ ಮಾಡಿದ್ದಾರೆ. ಫ್ರಾನ್ಸಿಸ್ಕನ್ ಮಠವೂ ಸರ್ಬರ ಸಂತ ನಿಕೊಲಸ್ ಚರ್ಚೂ ಹಾಳಾದವು. ಊರಿನಲ್ಲೇ ಉಳಿದ ಸರ್ಬರೂ ಕ್ರೊಯೇಟರ ಜೊತೆ ಅದೇ ನೆಲಮಾಳಿಗೆಗಳಲ್ಲಿ ಕೂತು ಅದೇ ಗುಂಡುಗಳಿಗೆ ಹೆದರಿದರು ಎಂಬುದನ್ನು ಎರಡೂ ಕಡೆಯ ರಾಷ್ಟ್ರವಾದಿಗಳು ಹೇಳುವುದಿಲ್ಲ.

ಊರು ಬಿದ್ದ ಎರಡು ದಿನಕ್ಕೆ, ನವೆಂಬರ್ 20ರಂದು, ಆಸ್ಪತ್ರೆಯಲ್ಲಿದ್ದ ಗಾಯಾಳುಗಳನ್ನೂ ಅವರ ಜೊತೆಗಿದ್ದವರನ್ನೂ ಬಸ್ಸು ಹತ್ತಿಸಿ ಓವ್ಚರಾ ಎಂಬ ಫಾರ್ಮಿಗೆ ಒಯ್ದು, ಹೊಡೆದು, ರಾತ್ರಿ ಗುಂಡಿಟ್ಟು ಕೊಂದರು. 1996ರಲ್ಲಿ ಆ ಗುಂಡಿಯಿಂದ 200 ದೇಹಗಳನ್ನು ಹೊರತೆಗೆದರು. ಮುತ್ತಿಗೆಯ ಉದ್ದಕ್ಕೂ ರೇಡಿಯೊದಲ್ಲಿ ಊರಿನ ಸುದ್ದಿ ಹೇಳುತ್ತಿದ್ದ ಪತ್ರಕರ್ತ ಸಿನಿಶಾ ಗ್ಲಾವಶೆವಿಚ್ ಅವರ ದೇಹವೂ ಅದರಲ್ಲಿತ್ತು. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಮಂಡಳಿ ಈ ಪ್ರಕರಣದಲ್ಲಿ ಯುಗೊಸ್ಲಾವ್ ಸೇನೆಯ ಕರ್ನಲ್ ಮಿಲೆ ಮ್ರಕ್ಷಿಚ್‌ಗೆ 20 ವರ್ಷ, ಮೇಜರ್ ವೆಸೆಲಿನ್ ಶ್ಲಿವಂಚಾನಿನ್‌ಗೆ ಅಂತಿಮವಾಗಿ 10 ವರ್ಷ ಶಿಕ್ಷೆ ಕೊಟ್ಟಿತು. ಸ್ಮಾರಕ ಸ್ಮಶಾನದಲ್ಲಿ ಸಾಲಾಗಿ ನಿಂತಿರುವ ಬಿಳಿ ಶಿಲುಬೆಗಳು 938. ಆ ದಿನಗಳಲ್ಲಿ ಕಾಣೆಯಾದ ನೂರಾರು ಜನರ ಸುಳಿವು ಇಂದಿಗೂ ಇಲ್ಲ.

ಬದುಕುಳಿದ ಕ್ರೊಯೇಟರನ್ನೂ ಇತರರನ್ನೂ ಊರಿನಿಂದ ಹೊರಹಾಕಿದರು. ಯುದ್ಧದ ಇನ್ನೊಂದು ತುದಿಯಲ್ಲಿ, 1995ರಲ್ಲಿ, ಕ್ರೊಯೇಷಿಯಾದ ಸೇನೆ ಮುನ್ನುಗ್ಗಿ ಬೇರೆಡೆಗಳಿಂದ ಸರ್ಬರು ಓಡಿಬಂದಾಗ, ಅವರಲ್ಲಿ ಎಷ್ಟೋ ಜನ ವುಕೊವಾರ್‌ನ ಆ ಖಾಲಿ ಮನೆಗಳಲ್ಲೇ ಸೇರಿಕೊಂಡರು. 1945ರ ಕಥೆಯೇ ಮತ್ತೆ.

ಮರಳಿದ ಮೇಲೆ

ವುಕೊವಾರ್‌ನಲ್ಲಿ ಇಂದೂ ಗಣನೀಯ ಸಂಖ್ಯೆಯ ಸರ್ಬರು ಇರುವುದಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಸರ್ಬ್ ಪಡೆಗಳ ಕೈಯಲ್ಲಿದ್ದ ಉಳಿದ ಪ್ರದೇಶಗಳನ್ನು ಕ್ರೊಯೇಷಿಯಾ 1995ರಲ್ಲಿ ಸೇನೆ ನುಗ್ಗಿಸಿ ವಶಪಡಿಸಿಕೊಂಡಿತು. ಆಗಸ್ಟ್ ತಿಂಗಳೊಂದರಲ್ಲೇ ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಬರು ಓಡಿಹೋದರು. ಡ್ಯಾನ್ಯೂಬ್ ದಂಡೆಯ ಈ ಪಟ್ಟಿಯಲ್ಲಿ ಮಾತ್ರ ಹಾಗಾಗಲಿಲ್ಲ. 1995ರ ನವೆಂಬರ್ 12ರ ಎರ್ದುತ್ ಒಪ್ಪಂದದಂತೆ ವಿಶ್ವಸಂಸ್ಥೆ ಎರಡು ವರ್ಷ ಇಲ್ಲಿ ಆಡಳಿತ ನಡೆಸಿ, 1998ರ ಜನವರಿ 15ರಂದು ಊರನ್ನು ಕ್ರೊಯೇಷಿಯಾಗೆ ಶಾಂತಿಯಿಂದ ಒಪ್ಪಿಸಿತು. ಹೊರಹಾಕಲ್ಪಟ್ಟ ಕ್ರೊಯೇಟರು ಮರಳಿ ಬಂದರು, ಸರ್ಬರಲ್ಲಿ ಹಲವರು ಉಳಿದರು. ಇಡೀ ಬಾಲ್ಕನ್ ಯುದ್ಧಗಳ ಸರಣಿಯಲ್ಲಿ ಗುಂಡು ಹಾರದೆ ನಡೆದ ಹಸ್ತಾಂತರ ಇಂಥದ್ದು ತೀರ ವಿರಳ. ಈ ಯಶಸ್ಸಿಗೆ ಸಲ್ಲಬೇಕಾದ ಗೌರವ ಸಂದಿಲ್ಲ ಎಂದೇ ನನ್ನ ಭಾವನೆ.

ಆದರೆ ಒಂದೇ ಊರಿನಲ್ಲಿ ಉಳಿದವರು ಬದುಕುವುದು ಬೇರೆಬೇರೆಯಾಗಿ. ಸರ್ಬ್ ಮಕ್ಕಳಿಗೆ ತಮ್ಮ ಭಾಷೆಯಲ್ಲಿ, ಸಿರಿಲಿಕ್ ಲಿಪಿಯಲ್ಲಿ ಕಲಿಯುವ ಹಕ್ಕನ್ನು ಹಸ್ತಾಂತರದ ಹೊತ್ತಿನಲ್ಲೇ ಕೊಡಲಾಯಿತು. ನ್ಯಾಯವಾದ ಹಕ್ಕು. ಫಲವಾಗಿ ಬೇರೆ ತರಗತಿ, ಎಷ್ಟೋ ಕಡೆ ಬೇರೆ ಪಾಳಿ, ಬೇರೆ ಶಿಶುವಿಹಾರ. ಎರಡೂ ಭಾಷೆಗಳು ಪರಸ್ಪರ ಸಲೀಸಾಗಿ ಅರ್ಥವಾಗುತ್ತವೆ, ಆದರೂ ಮಕ್ಕಳು ಒಟ್ಟಿಗೆ ಆಡುವ ಅವಕಾಶ ಕಡಿಮೆ. ಕಾಫಿ ಅಂಗಡಿಗಳಲ್ಲೂ ಇದು ನಮ್ಮವರದ್ದು, ಅದು ಅವರದ್ದು ಎಂಬ ಭೇದ ಬಂತು. ಯುದ್ಧದ ನಂತರ ಇಲ್ಲಿ ಹುಟ್ಟಿದವರಿಗೆ ಅವರ ಅಜ್ಜಂದಿರ ಕಾರ್ಖಾನೆಯಂಥ ಜಾಗ, ಎಲ್ಲರೂ ಬೆರೆಯಲೇಬೇಕಾದ ಜಾಗ, ಇಲ್ಲ. ಬೊರೊವೊ ಇನ್ನೂ ಶೂ ಮಾಡುತ್ತದೆ, ಆದರೆ ಕಾರ್ಮಿಕರು ಕೆಲವು ನೂರು ಮಾತ್ರ.

2013ರ ಜುಲೈ 1ರಂದು ಕ್ರೊಯೇಷಿಯಾ ಯುರೋಪಿಯನ್ ಒಕ್ಕೂಟ ಸೇರಿತು. ಸೆಪ್ಟೆಂಬರ್ 2ರ ಬೆಳಿಗ್ಗೆ ವುಕೊವಾರ್‌ನ ತೆರಿಗೆ ಕಚೇರಿ, ಪೊಲೀಸ್ ಠಾಣೆ ಮುಂತಾದೆಡೆ ಎರಡು ಲಿಪಿಯ ಫಲಕ ತೂಗಿತು. ಲ್ಯಾಟಿನ್ ಮೇಲೆ, ಸಿರಿಲಿಕ್ ಕೆಳಗೆ. ಊರಿನ ಹೆಸರಿಗೆ ಎರಡು ಲಿಪಿಯಲ್ಲೂ ಏಳೇ ಅಕ್ಷರ, ಅದರಲ್ಲಿ ಮೂರು ನೋಡಲು ಒಂದೇ ಥರ. ಅದೇ ದಿನ ಮಾಜಿ ಯೋಧರು ಸುತ್ತಿಗೆ ಹಿಡಿದು ಬಂದು ಫಲಕಗಳನ್ನು ಒಡೆದು ಚೂರು ಮಾಡಿದರು. ಹಾಕಿದಷ್ಟೂ ಒಡೆದರು.

ಒಡೆದವರನ್ನು ಬರೀ ಪುಂಡರೆನ್ನುವುದು ಸುಲಭ. ಅವರಲ್ಲಿ ಎಷ್ಟೋ ಜನ ಮುತ್ತಿಗೆಯೊಳಗಿದ್ದವರು, ಶಿಬಿರಗಳಿಂದ ಬದುಕಿ ಬಂದವರು. ಊರಿಗೆ ನುಗ್ಗಿದ ಪಡೆಗಳ ಲಾಂಛನಗಳಲ್ಲಿ, ಗೋಡೆ ಬರಹಗಳಲ್ಲಿ ಅವರು ಕಂಡ ಲಿಪಿ ಅದು. ಮಗನ ದೇಹ ಇನ್ನೂ ಸಿಗದ ತಾಯಿಗೆ, ಗುಂಡಿ ಎಲ್ಲಿದೆ ಎಂದು ಗೊತ್ತಿರುವವರು ಈಚೆ ಬೀದಿಯಲ್ಲೇ ಸುಮ್ಮನಿದ್ದಾರೆ ಎಂಬ ಅನುಮಾನವಿರುವಾಗ, ಕಾಯ್ದೆಯ ಕಲಮು ತೋರಿಸಿ ಸಮಾಧಾನ ಹೇಳಲಾಗದು. ಆ ನೋವು ನಿಜ. ಆದರೆ 1991ರಲ್ಲಿ ಹುಟ್ಟೇ ಇರದ ಸರ್ಬ್ ಹುಡುಗಿ ತನ್ನ ಶಾಲೆಯಲ್ಲಿ ಕಲಿತ ಅಕ್ಷರವನ್ನು ಅಪರಾಧದ ಗುರುತೆಂದು ಹೊತ್ತು ತಿರುಗಬೇಕೆ? ಪಕ್ಕದ ಬೊರೊವೊ ಸೆಲೊ, ತ್ರ್ಪಿನ್ಯಾದಂಥ ಸರ್ಬ್ ಬಹುಸಂಖ್ಯಾತ ಹಳ್ಳಿಗಳಲ್ಲಿ ಸಿರಿಲಿಕ್ ಫಲಕ ಯಾವ ಗಲಾಟೆಯೂ ಇಲ್ಲದೆ ನಿಂತಿದೆ. ಅಲ್ಲಿಲ್ಲದ ಜಗಳ ಇಲ್ಲಿರುವುದು ವುಕೊವಾರ್ ಇಡೀ ದೇಶಕ್ಕೆ ತ್ಯಾಗದ ಸಂಕೇತವಾಗಿರುವುದರಿಂದ. ನವೆಂಬರ್ 18 ಈಗ ರಾಷ್ಟ್ರೀಯ ರಜೆ. ಆ ದಿನ ಆಸ್ಪತ್ರೆಯಿಂದ ಸ್ಮಶಾನದವರೆಗೆ ಹತ್ತಾರು ಸಾವಿರ ಜನ ಮೌನವಾಗಿ ನಡೆಯುತ್ತಾರೆ, ಊರಿನ ಜನಸಂಖ್ಯೆಗಿಂತ ಹೆಚ್ಚು ಜನ. ಮರುದಿನ ಅವರೆಲ್ಲ ಬಸ್ಸು ಹತ್ತಿ ಹೊರಟ ಮೇಲೆ ಒಟ್ಟಿಗೆ ಬದುಕಬೇಕಾದವರು ಆ 23 ಸಾವಿರ ಜನ.

ಫಲಕದ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಮೂರನೇ ಒಂದು ಭಾಗದ ಮಿತಿಯನ್ನು ಅರ್ಧಕ್ಕೆ ಏರಿಸಬೇಕೆಂದು ಜನಮತಗಣನೆಗಾಗಿ ಐದು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹವಾಯಿತು. 2014ರ ಆಗಸ್ಟ್‌ನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅದನ್ನು ತಡೆದು, ಸರ್ಬರ ಭಾಷಾ ಹಕ್ಕನ್ನು ಹೇಗೆ ಜಾರಿಗೆ ತರುವಿರಿ ಎಂಬುದನ್ನು ನೀವೇ ನಿಯಮದಲ್ಲಿ ಬರೆಯಿರಿ ಎಂದು ನಗರಸಭೆಗೆ ಹೇಳಿತು. 2015ರಲ್ಲಿ ನಗರಸಭೆ ಮಾಡಿದ ತಿದ್ದುಪಡಿಯಲ್ಲಿ ಎರಡು ಲಿಪಿಯ ಫಲಕವೇ ಇರಲಿಲ್ಲ. 2019ರಲ್ಲಿ ನ್ಯಾಯಾಲಯ ಅದರ ಕೆಲವು ಭಾಗಗಳನ್ನು ರದ್ದುಮಾಡಿ, ಹಕ್ಕುಗಳನ್ನು ವಿಸ್ತರಿಸುವಷ್ಟು ಹೊಂದಾಣಿಕೆ ಊರಿನಲ್ಲಿ ಬೆಳೆದಿದೆಯೇ ಎಂದು ಪ್ರತಿ ವರ್ಷ ಅಕ್ಟೋಬರ್‌ನಲ್ಲಿ ಚರ್ಚಿಸಲು ಸೂಚಿಸಿತು. ನಗರಸಭೆ ಚರ್ಚಿಸಿತು, ಇನ್ನೂ ಕಾಲ ಪಕ್ವವಾಗಿಲ್ಲ ಎಂದಿತು. ಮತದಾರರ ಸಿಟ್ಟಿನಿಂದಲೇ ಗೆದ್ದವರ ಕೈಗೆ ಆ ಸಿಟ್ಟು ಇಳಿದಿದೆಯೇ ಎಂದು ಅಳೆಯುವ ಕೆಲಸ ಕೊಟ್ಟರೆ ಬೇರೆ ಉತ್ತರ ಬರುವುದೆಂತು? ಅಷ್ಟರಲ್ಲಿ 2021ರ ಗಣತಿ ಬಂತು.

ಬರಿದಾಗುತ್ತಿರುವ ಪ್ರಾಂತ್ಯ

ಈ ಎಲ್ಲ ವರ್ಷಗಳಲ್ಲಿ ಊರಿನ ದೊಡ್ಡ ಸಮಸ್ಯೆ ಬೇರೆಯೇ ಇತ್ತು. 2015ರ ಜುಲೈನಲ್ಲಿ ಜರ್ಮನಿ ತನ್ನ ಉದ್ಯೋಗ ಮಾರುಕಟ್ಟೆಯನ್ನು ಕ್ರೊಯೇಷಿಯಾದವರಿಗೆ ಪೂರ್ತಿ ತೆರೆಯಿತು. ಪೂರ್ವ ಕ್ರೊಯೇಷಿಯಾದ ಸ್ಲಾವೋನಿಯಾ ಪ್ರದೇಶದ ಯುವಜನ ಕುಟುಂಬ ಸಮೇತ ಜರ್ಮನಿಗೆ, ಐರ್ಲೆಂಡಿಗೆ ಹೊರಟರು. ವುಕೊವಾರ್ ಕೇಂದ್ರವಾಗಿರುವ ಪ್ರಾಂತ್ಯದ ಜನಸಂಖ್ಯೆ 2011ರಲ್ಲಿ 1,79,521 ಇದ್ದದ್ದು 2021ಕ್ಕೆ 1,43,113ಕ್ಕೆ ಇಳಿಯಿತು. ಹತ್ತೇ ವರ್ಷದಲ್ಲಿ ಐದನೇ ಒಂದು ಭಾಗ ಖಾಲಿ! ನಗರದಲ್ಲಿ 1991ಕ್ಕೆ ಹೋಲಿಸಿದರೆ ಈಗ ಉಳಿದಿರುವವರು ಅರ್ಧದಷ್ಟು. ಕ್ರೊಯೇಟರ ಪಾಲು ಶೇ 63ಕ್ಕೆ ಏರಿದೆ, ಆದರೆ ತಲೆ ಎಣಿಸಿದರೆ 2011ಕ್ಕಿಂತ 1,276 ಜನ ಕಡಿಮೆಯೇ ಇದ್ದಾರೆ. ಸರ್ಬರು 2,764 ಜನ ಕಡಿಮೆ. ಅವರ ಸಮುದಾಯಕ್ಕೆ ವಯಸ್ಸಾಗಿದೆ, ಓದಲು ನದಿ ದಾಟಿ ನೋವಿ ಸಾಡ್‌ಗೋ ಬೆಲ್‌ಗ್ರೇಡ್‌ಗೋ ಹೋದ ಮಕ್ಕಳು ಅಲ್ಲೇ ನಿಲ್ಲುತ್ತಾರೆ. ಇಡೀ ಕ್ರೊಯೇಷಿಯಾದಲ್ಲಿ 1991ರಲ್ಲಿ ಶೇ 12ರಷ್ಟಿದ್ದ ಸರ್ಬರು 2021ಕ್ಕೆ ಶೇ 3.2.

ಹೀಗಿರುವಾಗ ಮೂರನೇ ಒಂದು ಭಾಗ ಎಂಬ ಮಿತಿ ಅಲ್ಪಸಂಖ್ಯಾತರನ್ನು ಕಾಯುವ ಬೇಲಿಯಾಗಿ ಕೆಲಸ ಮಾಡುವುದಿಲ್ಲ. ಸಂಖ್ಯೆ ಕಡಿಮೆಯಾಗಿ, ಆಸರೆಯ ಅಗತ್ಯ ಹೆಚ್ಚಿದ ಹೊತ್ತಿಗೇ ಅದು ಹಕ್ಕನ್ನು ಕಿತ್ತುಕೊಳ್ಳುತ್ತದೆ. ಇನ್ನೂ ಕೆಟ್ಟದ್ದೆಂದರೆ, ನೆರೆಯವ ಊರು ಬಿಟ್ಟರೆ ತನಗೆ ಲಾಭ ಎಂಬ ಲೆಕ್ಕವನ್ನು ಅದು ಎರಡೂ ಕಡೆಯವರ ತಲೆಯಲ್ಲಿ ಕೂರಿಸುತ್ತದೆ. ಈ ಊರಿನಲ್ಲಿ 1945ರಲ್ಲಿ, 1991ರಲ್ಲಿ ಜನರನ್ನು ಹೊರಹಾಕಿದವರ ಯೋಚನೆಯೂ ಇದೇ ಆಗಿತ್ತು. ಕಾಯ್ದೆ ಬರೆದವರ ಉದ್ದೇಶ ಅದಲ್ಲ, ಖಂಡಿತ ಅಲ್ಲ. ಆದರೆ ಅಂಕಿಗೆ ಕಟ್ಟಿದ ಹಕ್ಕು ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತದೆ.

ಬೇರೆ ದಾರಿ ಇಲ್ಲವೇ? ಅದೇ ದೇಶದ ಇನ್ನೊಂದು ತುದಿಯಲ್ಲಿ ಇಸ್ಟ್ರಿಯಾ ಇದೆ. ಅಲ್ಲಿ ಇಟಾಲಿಯನ್ನರು ಪ್ರಾಂತ್ಯದ ಜನಸಂಖ್ಯೆಯ ಶೇ 5ರ ಆಸುಪಾಸು. ಆದರೂ ಇಟಾಲಿಯನ್ ಅಲ್ಲಿ ಪ್ರಾಂತ್ಯದ ಅಧಿಕೃತ ಭಾಷೆ. ರೊವಿನ್‌ನಂಥ ಪಟ್ಟಣಗಳಲ್ಲಿ ಪ್ರತಿ ಬೀದಿಯ ಹೆಸರೂ ಎರಡು ಭಾಷೆಯಲ್ಲಿದೆ. ಇಸ್ಟ್ರಿಯಾದ ಚರಿತ್ರೆ ರಕ್ತವಿಲ್ಲದ್ದೇನಲ್ಲ. ಮುಸೊಲಿನಿಯ ಕಾಲದಲ್ಲಿ ಕ್ರೊಯೇಟರ ಭಾಷೆಯನ್ನು ಶಾಲೆಗಳಿಂದ ಅಳಿಸಿ, ಅವರ ಮನೆತನದ ಹೆಸರುಗಳನ್ನೇ ಇಟಾಲಿಯನ್ ಮಾಡಿಸಿದ್ದರು. ಎರಡನೇ ಮಹಾಯುದ್ಧದ ನಂತರ ಇಟಾಲಿಯನ್ನರ ಕೊಲೆಗಳಾದವು, ಲಕ್ಷಾಂತರ ಜನ ಆ ಕರಾವಳಿ ಬಿಟ್ಟು ಹೋದರು. ಇಟಲಿಯೊಂದಿಗಿನ ಒಪ್ಪಂದಗಳು, ಪ್ರವಾಸೋದ್ಯಮದ ಹಣ, ಹೆಚ್ಚು ಕಾಲ ಸಿಕ್ಕ ಶಾಂತಿ, ಇವೆಲ್ಲ ಅಲ್ಲಿ ನೆರವಿಗೆ ಬಂದವು, ನಿಜ. ವುಕೊವಾರ್‌ನ ಗಾಯ ಹೊಸದು. ಆದರೆ 1991ರಿಂದ ಈಚೆಗೂ ಮೂರು ದಶಕ ದಾಟಿದೆ.

2002ರ ಕಾಯ್ದೆಯ 12ನೇ ಕಲಮಿನಲ್ಲಿ ಮೂರನೇ ಒಂದು ಭಾಗದ ಮಾತಿನ ಪಕ್ಕದಲ್ಲೇ ಇನ್ನೊಂದು ಅವಕಾಶವಿದೆ. ಸಂಖ್ಯೆ ಎಷ್ಟೇ ಇರಲಿ, ಸ್ಥಳೀಯ ಸಂಸ್ಥೆ ತನ್ನ ನಿಯಮಾವಳಿಯಲ್ಲೇ ಬರೆದುಕೊಂಡು ಅಲ್ಪಸಂಖ್ಯಾತರ ಭಾಷೆ, ಲಿಪಿಗೆ ಸಮಾನ ಸ್ಥಾನ ಕೊಡಬಹುದು. ಇಸ್ಟ್ರಿಯಾದಲ್ಲಿ ನಿಯಮಾವಳಿಯಲ್ಲಿ ಬರೆದುಕೊಂಡದ್ದೂ ಅದನ್ನೇ. ಇದಕ್ಕೆ ಆ 835 ಜನ ಬೇಕಿಲ್ಲ. ವುಕೊವಾರ್ ನಗರಸಭೆ ಇಷ್ಟಪಟ್ಟರೆ ಬಹುಮತದ ಒಂದು ನಿರ್ಣಯದಿಂದ ಶುರುಮಾಡಬಹುದು, ಪೊಲೀಸ್ ಠಾಣೆಯ ಗೋಡೆಯಿಂದಲೇ ಆಗಬೇಕೆಂದೂ ಇಲ್ಲ. ಅರ್ಜಿ ನಮೂನೆಯಿಂದ, ಗ್ರಂಥಾಲಯದಿಂದ, ಮಕ್ಕಳು ಒಟ್ಟಿಗೆ ಕಲಿಯುವ ಒಂದು ಶಾಲೆಯಿಂದ ಆರಂಭಿಸಬಹುದು. ಇದಕ್ಕೆ ಜಾಗ್ರೆಬ್‌ನಲ್ಲಿ ಹೊಸ ಕಾಯ್ದೆಯಾಗಬೇಕಿಲ್ಲ, ಮುಂದಿನ ಜನಗಣತಿಗೆ ಕಾಯಬೇಕಾಗಿಯೂ ಇಲ್ಲ.